ಬೇರೆ ಮನೆಯ ನಿದ್ದೆ

ನಮ್ಮ ಕಡೆ ಹೆಂಗಸು ಅನ್ನಿಸಿಕೊಂಡವಳು ಜೀವಮಾನದಲ್ಲಿ ಎರಡೇ ಮನೆಯಲ್ಲಿ ಮಲಗುತ್ತಿದ್ದಳು. ಹುಟ್ಟಿದ ಮನೆ ಒಂದು, ಕೊಟ್ಟ ಮನೆ ಒಂದು. ಬಾಣಂತನಕ್ಕೆ, ಹಬ್ಬಕ್ಕೆ ಅಂತ ಓಡಾಡಿದರೂ ಆ ಎರಡರ ನಡುವೆಯೇ. ಇದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಉಪ್ಪಿನ ಮರಿಗೆ ಎಲ್ಲಿದೆ ಅಂತ ಯಾರೂ ತೋರಿಸಿಕೊಡದಿದ್ದರೂ ಮನೆಯವರಿಗೆಲ್ಲ ಗೊತ್ತಿರುತ್ತದಲ್ಲ, ಹಾಗೆ ಗೊತ್ತಿತ್ತು. ಈಗ ಬೇಸಿಗೆ ರಜ ಬಂತೆಂದರೆ ನನ್ನ ಮೊಮ್ಮಕ್ಕಳು ಬೆನ್ನಿಗೆ ಚೀಲ ಏರಿಸಿಕೊಂಡು ಕ್ಯಾಂಪಿಗೆ ಹೊರಡುತ್ತಾರೆ. ಅವರಮ್ಮ ಬಿಸ್ಕತ್ತು, ಸೊಳ್ಳೆ ಮುಲಾಮು, ಮೂರು ಜೊತೆ ಕಾಲುಚೀಲ ತುಂಬುತ್ತಾಳೆ. ನಾನೂ ಕ್ಯಾಂಪಿಗೆ ಹೋದವಳೇ ಅಂದರೆ ಆ ಮಕ್ಕಳು ನಗುತ್ತವೆ. ನಗಲಿ. ಯಲಹಂಕದ ಹಳೇ ಊರಿನಿಂದ, ಆ ಕಾಲದಲ್ಲಿ, ಹನ್ನೊಂದು ದಾಟಿದ ಹೆಣ್ಣು ಹುಡುಗಿ ನಂದಿಬೆಟ್ಟದ ಬುಡಕ್ಕೆ ಹೋಗಿ ನಾಲ್ಕೈದು ರಾತ್ರಿ ಕಳೆದು ಬಂದೆ. ನನ್ನ ಧೈರ್ಯ ಅದರಲ್ಲಿ ಏನೂ ಇರಲಿಲ್ಲ. ಅಷ್ಟೂ ನಮ್ಮವ್ವನ ಕೆಲಸ.

ಮನೆ ನಾಡಹೆಂಚಿನದು. ಮುಂದೆ ಜಗಲಿ, ಒಳಗೆ ನಡುಮನೆ, ಪಕ್ಕದಲ್ಲಿ ರಾಗಿ ತುಂಬಿದ ಮಣ್ಣಿನ ವಾಡೆ ಇಟ್ಟ ಕತ್ತಲೆ ಕೋಣೆ, ಹಿಂದೆ ಅಡುಗೆಮನೆ, ಅದಕ್ಕೆ ಆತುಕೊಂಡು ಕೊಟ್ಟಿಗೆ. ಯಾವ ಬಾಗಿಲಲ್ಲೂ ಅಪ್ಪ ತಲೆ ಬಗ್ಗಿಸದೆ ಒಳಗೆ ಬರುವ ಹಾಗಿರಲಿಲ್ಲ. ಅಪ್ಪನಿಗೆ ಕೆರೆ ಕೆಳಗೆ ತರಕಾರಿ ತೋಟ. ಬೆಳಗಿನ ಜಾವ ಗಾಡಿ ಕಟ್ಟಿ ಬೆಂಗಳೂರಿನ ಮಾರ್ಕೆಟ್ಟಿಗೆ ಹೋದರೆ ಊಟದ ಹೊತ್ತಿಗೆ ವಾಪಸ್ಸು. ಹೊರಗಿನ ಮಾತು ಅಪ್ಪನದು, ಒಳಗಿನ ಮಾತು ಅಜ್ಜಿಯದು. ಅಜ್ಜಿ ಅಂದರೆ ಅಪ್ಪನ ತಾಯಿ, ತಾತ ತೀರಿಹೋಗಿ ಎಷ್ಟೋ ಕಾಲವಾಗಿತ್ತು. ರಾತ್ರಿ ಮಲಗುವ ಜಾಗ ಯಾರು ಯಾರದ್ದು ಅಂತ ಅಜ್ಜಿಯೇ ಗೊತ್ತು ಮಾಡಿದ್ದಳು. ಅಪ್ಪ ಜಗಲಿಯಲ್ಲಿ. ಅಜ್ಜಿ ನಡುಮನೆಯ ಹೊಸಿಲಿಗೆ ಅಡ್ಡವಾಗಿ, ಮಣೆಯ ಮೇಲೆ ತಲೆಯಿಟ್ಟು. ಅವಳನ್ನು ದಾಟದೆ ಒಂದು ಬೆಕ್ಕೂ ಹೊರಗೆ ಹೋಗಲಾರದು. ನನಗಿಂತ ಒಂದು ವರ್ಷ ದೊಡ್ಡವನಾದ ನಮ್ಮಣ್ಣ ಮುನಿರಾಜು ಅವಳ ಬೆನ್ನಿಗೆ. ಅವ್ವ ಮತ್ತು ನಾನು ಬೀಸುವ ಕಲ್ಲಿನ ಪಕ್ಕದಲ್ಲಿ. ಅವ್ವನ ಸೆರಗಿನ ತುದಿಯನ್ನು ಕೈಗೆ ಸುತ್ತಿಕೊಳ್ಳದಿದ್ದರೆ ನನಗೆ ನಿದ್ದೆ ಹತ್ತುತ್ತಿರಲಿಲ್ಲ. ಲಂಗ ಮೊಣಕಾಲು ದಾಟಿ ಪಾದಕ್ಕೆ ಬಂದಿದ್ದರೂ ಆ ಅಭ್ಯಾಸ ಹೋಗಿರಲಿಲ್ಲ.

ಊಟದಲ್ಲೂ ಅಷ್ಟೇ. ಅಜ್ಜಿಯ ಕೈಯ ಖಾರ ಬಿಟ್ಟರೆ ಬೇರೆ ಸಾರು ನಮ್ಮ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮೆಣಸಿನಕಾಯಿ ಹುರಿಯುವುದು ಅಜ್ಜಿ, ರುಬ್ಬುವುದು ಅವ್ವ, ಮುದ್ದೆ ತಿರುವುವುದು ಅವ್ವ, ಚೆನ್ನಾಗಿದೆ ಚೆನ್ನಾಗಿಲ್ಲ ಅನ್ನುವುದು ಅಜ್ಜಿ. ಮದುವೆ ಮನೆಗೆ ಹೋದರೂ ಅಣ್ಣನೂ ನಾನೂ ಹಪ್ಪಳ ಮಾತ್ರ ತಿಂದು, ಮನೆಗೆ ಬಂದು ಮುದ್ದೆ ಉಣ್ಣುತ್ತಿದ್ದೆವು. ಅಜ್ಜಿಗೆ ಅದು ದೊಡ್ಡ ಹೆಮ್ಮೆ. ನಮ್ಮ ಮಕ್ಕಳು ಕಂಡವರ ಮನೆಯಲ್ಲಿ ಬಾಯಿ ಹಾಕುವುದಿಲ್ಲ ಅಂತ ಬೀದಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು.

ಆ ವರ್ಷ ಪರೀಕ್ಷೆ ಮುಗಿದ ಮೇಲೆ ನಮ್ಮ ಶಾಲೆಯ ಸರೋಜಮ್ಮ ಟೀಚರ್ ಮನೆಗೇ ಬಂದರು. ಮಲ್ಲೇಶ್ವರದಿಂದ ದಿನಾ ಬಂದು ಹೋಗುತ್ತಿದ್ದ ಹೆಂಗಸು. ಮದುವೆಯಾಗಿರಲಿಲ್ಲ, ಮಳೆಯಿಲ್ಲದಿದ್ದರೂ ಕೈಯಲ್ಲಿ ಕೊಡೆ. ರಜದಲ್ಲಿ ಮಕ್ಕಳನ್ನು ಬೆಟ್ಟದ ಬುಡದ ಒಂದು ಛತ್ರಕ್ಕೆ ಕರೆದುಕೊಂಡು ಹೋಗುತ್ತೇವೆ, ಅಲ್ಲಿ ಕಸರತ್ತು, ಹಾಡು, ಗಾಯಕ್ಕೆ ಪಟ್ಟಿ ಕಟ್ಟುವುದು, ತಮ್ಮ ಅಡುಗೆ ತಾವೇ ಮಾಡಿಕೊಳ್ಳುವುದು ಎಲ್ಲ ಕಲಿಯುತ್ತಾರೆ, ಹುಡುಗಿಯರಿಗೆ ಬೇರೆ ಕೋಣೆ, ನಾನೇ ಜೊತೆಯಲ್ಲಿ ಮಲಗುತ್ತೇನೆ ಅಂದರು. ಮುನಿರಾಜುವೂ ಬರಲಿ, ಜಯಮ್ಮನೂ ಬರಲಿ ಅಂತ ನನ್ನ ಕಡೆ ನೋಡಿದರು. ಅಪ್ಪ ತಲೆ ಕೆರೆದುಕೊಂಡು ನಮ್ಮಮ್ಮನನ್ನು ಕೇಳಿ ಅಂತ ಅಜ್ಜಿಯ ಕಡೆ ಕೈ ತೋರಿಸಿದ. ಅಜ್ಜಿ ಟೀಚರಿಗೆ ಮಜ್ಜಿಗೆ ಕೊಟ್ಟಳು, ಚಾಪೆ ಹಾಕಿದಳು, ಊರು ಕೇರಿ ವಿಚಾರಿಸಿದಳು. ಎಲ್ಲ ಆದಮೇಲೆ ಗಂಡು ಹುಡುಗನನ್ನು ಕರೆದುಕೊಂಡು ಹೋಗಿ, ಹೆಣ್ಣಿನ ಮಾತು ಬೇಡ ಅಂದಳು. ಕೋಪದಿಂದ ಹೇಳಲಿಲ್ಲ. ಈ ವರ್ಷ ಸೋರೆಕಾಯಿ ಬೇಡ ಅಂದ ಹಾಗೆ ಹೇಳಿದಳು.

ಅವ್ವ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ಟೀಚರ್ ಹೊರಟ ಮೇಲೆ ಬಿಂದಿಗೆ ಎತ್ತಿಕೊಂಡು ನೀರಿಗೆ ಹೋಗುವವಳ ಹಾಗೆ ಹಿಂದೆಯೇ ಹೋದಳು. ಸಣ್ಣ ಕೊಡ ಹಿಡಿದು ನಾನೂ ಹೋದೆ. ಬೀದಿಯ ತಿರುವಿನಲ್ಲಿ ಅವರನ್ನು ನಿಲ್ಲಿಸಿ ಕೇಳಿದ್ದು ಒಂದೇ ಮಾತು. ಅಲ್ಲಿ ಮಕ್ಕಳಿಗೆ ಕಷ್ಟ ಆಗೋದು ಯಾವುದು ಅಂತ. ಟೀಚರಿಗೆ ನಗು ಬಂತು. ಇದುವರೆಗೆ ಎಲ್ಲರೂ ಕೇಳಿದ್ದು ಹಾವು ಇದೆಯಾ, ಬಾವಿಗೆ ಕಟ್ಟೆ ಇದೆಯಾ ಅಂತ.

"ಎರಡೇ ಕಣಮ್ಮ," ಅಂದರು. "ಮನೆ ಊಟ ಇಲ್ಲ ಅಂತ ಅಳ್ತಾವೆ. ಮನೆ ಹಾಸಿಗೆ ಇಲ್ಲ ಅಂತ ಅಳ್ತಾವೆ. ಬೇರೆ ಏನಕ್ಕೂ ಅತ್ತಿದ್ದು ನಾನಂತೂ ನೋಡಿಲ್ಲ."

ಅವ್ವ ತಲೆಯಾಡಿಸಿದಳು. ನೀರು ಸೇದಿ ತರುವಾಗ ನನ್ನನ್ನು ಕಳಿಸುವುದಿಲ್ಲವಂತಲ್ಲ ಅಂತ ನಾನು ಮೂಗೆಳೆದರೆ, ಒಪ್ಪಿಗೆಯ ವಿಷಯ ಆಮೇಲೆ ನೋಡಿಕೊಳ್ಳೋಣ, ಮೊದಲು ನೀನು ತಯಾರಾಗು ಅಂದಳು. ಅವಳ ರೀತಿಯೇ ಅದು. ನೆಂಟರು ಬರುವುದು ಖಾತ್ರಿಯಾಗುವ ಮುಂಚೆಯೇ ಕಾಳು ನೆನೆಹಾಕುವ ಹೆಂಗಸು. ಅವರು ಬರದಿದ್ದರೆ ಮೊಳಕೆ ಕಟ್ಟುತ್ತಿದ್ದಳು, ದಂಡ ಮಾಡುತ್ತಿರಲಿಲ್ಲ.

ಅವತ್ತಿನ ರಾತ್ರಿಯಿಂದಲೇ ಸೆರಗು ಸಿಗಲಿಲ್ಲ. ನನ್ನ ಚಾಪೆಯನ್ನು ಬೀಸುವ ಕಲ್ಲಿನ ಆಚೆಗೆ ಹಾಸಿದಳು. ಅದು ಅಭ್ಯಾಸವಾಯಿತು ಅನ್ನುವಷ್ಟರಲ್ಲಿ ರಾಗಿ ವಾಡೆಯ ಕೋಣೆಗೆ ಹಾಕಿದಳು, ಅಲ್ಲಿ ಇಲಿ ಓಡಾಡುತ್ತಿದ್ದವು. ಆಮೇಲೆ ಕೊಟ್ಟಿಗೆಯ ಬಾಗಿಲಿಗೆ. ಎಮ್ಮೆ ರಾತ್ರಿಯೆಲ್ಲ ಮೆಲುಕು ಹಾಕುತ್ತದೆ, ಉಸ್ಸೆನ್ನುತ್ತದೆ, ಗಂಜಲ ಹೊಯ್ಯುತ್ತದೆ. ಮೊದಲ ದಿನ ಬೆಳಿಗ್ಗೆ ಎದ್ದು ದೂರು ಹೇಳಿದೆ. ಅವ್ವ ಕೇಳಿಸಿಕೊಂಡು, ಎಮ್ಮೆಯೂ ನಿನ್ನ ಮೇಲೆ ದೂರು ಹೇಳುತ್ತಿದೆ, ರಾತ್ರಿಯೆಲ್ಲ ಹೊರಳಾಡುತ್ತೀಯಂತೆ ಅಂದಳು. ಸಮಾಧಾನ ಮಾಡುವುದು, ತಲೆ ಸವರುವುದು ಏನೂ ಇಲ್ಲ. ಅಜ್ಜಿ ಕೇಳಿದ್ದಕ್ಕೆ ಸೆಖೆ ಜಾಸ್ತಿ, ಅಲ್ಲಿ ಗಾಳಿ ಬರುತ್ತದೆ ಅಂತ ಹೇಳಿದ್ದಳು. ಏಪ್ರಿಲ್ ತಿಂಗಳಾದ್ದರಿಂದ ಆ ಮಾತು ನಡೆಯಿತು. ಅಣ್ಣನ ಚಾಪೆಯನ್ನೂ ಎಳೆಯಲು ನೋಡಿದಳು. ಅಜ್ಜಿ ಬಿಡಲಿಲ್ಲ. ಗಂಡು ಹುಡುಗ ಎಲ್ಲಿ ಬಿಸಾಕಿದರೂ ಇರುತ್ತಾನೆ, ಅವನಿಗೆ ಯಾವ ಗಾಳಿ ಅಂದಳು.

ಗೋಡೆಯಾಚೆಯ ಮನೆ ಜುಲೇಖಾಬಿಯದು. ಗಂಡ ದರ್ಜಿ, ಸಂತೆಯ ಕಾಲದಲ್ಲಿ ಚಿಕ್ಕಬಳ್ಳಾಪುರದ ಕಡೆ ಹೋದರೆ ಎರಡು ಮೂರು ದಿನ ಬರುತ್ತಿರಲಿಲ್ಲ. ಅವಳಿಗೆ ಕೂಸು ಚಿಕ್ಕದು. ಅವ್ವನೂ ಅವಳೂ ಹಿತ್ತಿಲ ಗೋಡೆಯ ಮೇಲೆ ಏನು ಮಾತಾಡಿಕೊಂಡರೋ, ಒಂದು ಸಂಜೆ ಜುಲೇಖಾಬಿ ಅಜ್ಜಿಯ ಹತ್ತಿರ ಬಂದು, ಒಬ್ಬಳೇ ಇದ್ದೀನಿ, ಭಯ ಆಗ್ತದೆ, ಜಯಮ್ಮನ್ನ ಜೊತೆಗೆ ಕಳಿಸಿ ಅಂತ ಕೇಳಿದಳು. ಜುಲೇಖಾಬಿ ಭಯಪಡುವ ಹೆಂಗಸಲ್ಲ. ಬೀದಿ ನಾಯಿಗಳು ಅವಳನ್ನು ಕಂಡರೆ ಪಕ್ಕಕ್ಕೆ ಸರಿಯುತ್ತಿದ್ದವು. ಅಜ್ಜಿ ಹಿತ್ತಿಲ ಗೋಡೆಯ ಕಡೆ ನೋಡಿದಳು.

"ಗ್ವಾಡೆ ಒಂದೇ ತಾನೆ," ಅಂದಳು ಕೊನೆಗೆ. "ಗ್ವಾಡೆ ಒಂದೇ ಆದ್ಮೇಲೆ ಮನೆ ಒಂದೇ ಲೆಕ್ಕ. ಓಗ್ಲಿ. ಊಟ ಮಾತ್ರ ಇಲ್ಲೇ."

ಅಜ್ಜಿಯ ಕಾನೂನು ಹೀಗಿತ್ತು. ಗಟ್ಟಿಯಾಗಿ ಕಾಣುತ್ತಿತ್ತು, ಎಲ್ಲಿ ಸಂದಿ ಇದೆ ಅಂತ ಅವ್ವನಿಗೆ ಗೊತ್ತಿತ್ತು. ಆ ಮನೆಯಲ್ಲಿ ಬೇರೆ ವಾಸನೆ, ಬೇರೆ ಹೊದಿಕೆ, ಗೋಡೆಯ ಮೇಲೆ ದೇವರ ಪಟವಿಲ್ಲ. ಕೂಸು ಅಳುತ್ತದೆ, ಅದಕ್ಕೆ ಅವಳು ಉರ್ದುವಿನಲ್ಲಿ ಜೋಗುಳ ಹೇಳುತ್ತಾಳೆ, ನನಗೆ ಒಂದಕ್ಷರ ತಿಳಿಯುವುದಿಲ್ಲ. ಗೋಡೆಯಾಚೆ ಅಜ್ಜಿ ಕೆಮ್ಮುವುದು ಕೇಳಿಸುತ್ತಿತ್ತು, ಅದೇ ಧೈರ್ಯ. ಎರಡನೇ ಸಲಕ್ಕೆ ಕೆಮ್ಮು ಕೇಳುವ ಮುಂಚೆಯೇ ನಿದ್ದೆ ಹೋದೆ. ಬೆಳಿಗ್ಗೆ ಜುಲೇಖಾಬಿ ರೊಟ್ಟಿ, ಹುಳಿಬೇಳೆ ಕೊಟ್ಟಳು. ತಿಂದೆ. ಮನೆಗೆ ಬಂದಾಗ ಅಜ್ಜಿ ನನ್ನ ಬಾಯಿ ನೋಡಿದಳು, ಏನೂ ಕೇಳಲಿಲ್ಲ. ಕೇಳಿದರೆ ನಾನು ಹೇಳಿಬಿಡುತ್ತೇನೆ ಅಂತ ಅವಳಿಗೆ ಗೊತ್ತಿತ್ತು.

ಹಾಸಿಗೆಯ ಪಾಠ ಹೀಗಾದರೆ ಊಟದ ಪಾಠ ಇನ್ನೂ ಕಷ್ಟದ್ದು. ಎಲ್ಲರಿಗೂ ಒಂದೇ ಮಡಕೆ, ಅದರಲ್ಲಿ ನನಗೊಬ್ಬಳಿಗೆ ಬೇರೆ ರುಚಿ ಹೇಗೆ ಮಾಡುವುದು? ಅವ್ವ ಸಾರಿಗೆ ಉಪ್ಪು ಹಾಕುವ ಮುಂಚೆ ಒಂದು ಬಟ್ಟಲು ತೆಗೆದು ಒಲೆಯ ಹಿಂದೆ ಮುಚ್ಚಿಡುತ್ತಿದ್ದಳು. ಒಂದು ದಿನ ಉಪ್ಪಿಲ್ಲ. ಇನ್ನೊಂದು ದಿನ ಅದಕ್ಕೆ ಎರಡು ಪಟ್ಟು ಖಾರ. ಒಂದು ದಿನ ಬೇಕೆಂದೇ ತಳ ಹಿಡಿಸಿದ ಸೊಪ್ಪು. ಮುದ್ದೆಯೂ ಒಂದು ದಿನ ಗಂಟು, ಒಂದು ದಿನ ಅಂಟು. ಮುಖ ಸಿಂಡರಿಸಿದರೆ ಮಾರನೆಯ ದಿನವೂ ಅದೇ. ಸುಮ್ಮನೆ ಉಂಡರೆ ಬೇರೆ ರುಚಿ. ನಾಲಿಗೆಗೂ ಗೊತ್ತಾಗಲಿ, ಎಲ್ಲರ ಮನೆಯಲ್ಲೂ ನಿಮ್ಮಜ್ಜಿ ಕೂತಿರುವುದಿಲ್ಲ ಅನ್ನುತ್ತಿದ್ದಳು. ಹಸಿವಾದರೆ ಯಾವ ಸಾರೂ ಇಳಿಯುತ್ತದೆ ಅಂತ ನಾನು ಕಲಿತದ್ದು ಆಗಲೇ. ಆಮೇಲೆ ಎಂಟು ಜನರ ಸಂಸಾರ ನಡೆಸಿದೆ, ಇದಕ್ಕಿಂತ ಉಪಯೋಗದ ಪಾಠ ಶಾಲೆಯಲ್ಲಿ ಯಾರೂ ಹೇಳಿಕೊಡಲಿಲ್ಲ.

ಒಂದು ಮಧ್ಯಾಹ್ನ ಎಡವಟ್ಟಾಯಿತು. ಅಪ್ಪ ಮಾರ್ಕೆಟ್ಟಿನಿಂದ ಹಸಿದು ಬಂದಿದ್ದ, ಅವ್ವನ ಕೈಗೆ ನನ್ನ ಬಟ್ಟಲು ಸಿಕ್ಕಿತು, ಉಪ್ಪಿಲ್ಲದ ಸಾರು ಅಪ್ಪನ ತಟ್ಟೆಗೆ ಬಿತ್ತು. ಅಪ್ಪ ಒಂದು ತುತ್ತು ನುಂಗಿ ತಟ್ಟೆ ಸರಿಸಿದ. ಉಪ್ಪು ಮರೆತೆಯಾ ಅಂತ ಕೇಳಿದ. ಅವ್ವ ಸುಳ್ಳು ಹೇಳಬಹುದಿತ್ತು, ಮರೆತೆ ಅಂದಿದ್ದರೆ ಮುಗಿಯುತ್ತಿತ್ತು. ಅದು ಜಯಮ್ಮನ ಬಟ್ಟಲು, ಅದಲುಬದಲಾಯಿತು ಅಂದಳು. ಅಜ್ಜಿಯ ಕೈ ತುತ್ತಿನ ಮೇಲೆಯೇ ನಿಂತಿತು.

"ಮಗೀಗೆ ಉಪ್ಪಿಲ್ದೆ ಇಕ್ತಾ ಇದ್ದೀಯಾ? ಇದು ಎತ್ತ ತಾಯಿ ಮಾಡೋ ಕೆಲ್ಸವಾ?"

"ಕ್ಯಾಂಪಿನ ಊಟ ಎಂಗಿರ್ತದೋ ಏನೋ ಅತ್ತೆ. ರೂಢಿ ಆಗ್ಲಿ ಅಂತ."

"ಯಾರು ಕಳಿಸ್ತೀನಿ ಅಂದೋರು?"

ಅಪ್ಪ ಅವ್ವನ ಮುಖ ನೋಡಿದ, ಸುಮ್ಮನಿರು ಅನ್ನುವ ಹಾಗೆ. ಮುನಿರಾಜು ಮಾತ್ರ ಗಬಗಬ ತಿನ್ನುತ್ತಿದ್ದ. ಕೊಟ್ಟಿಗೆಯ ಚಾಪೆ, ಜುಲೇಖಾಬಿಯ ಭಯ ಎಲ್ಲ ಒಂದೊಂದಾಗಿ ಅಜ್ಜಿಗೆ ಹೊಳೆಯುತ್ತಿರುವುದು ಅವಳ ಮುಖದಲ್ಲೇ ಕಾಣುತ್ತಿತ್ತು. ಇನ್ನು ಕ್ಯಾಂಪಿನ ಮಾತು ಸತ್ತುಹೋಯಿತು, ಅವ್ವನಿಗೆ ಬೈಗುಳ ಬೇರೆ ಅಂದುಕೊಂಡೆ. ಅವ್ವ ಮುದ್ದೆ ಕೋಲನ್ನು ಮಡಕೆಯ ಮೇಲೆ ಅಡ್ಡ ಇಟ್ಟು, ಕೈ ಒರೆಸಿಕೊಂಡು, ಅಜ್ಜಿಯ ಎದುರಿಗೆ ಕೂತಳು. ಅತ್ತೆಯ ಎದುರಿಗೆ ಅವಳು ಹಾಗೆ ಕೂತದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಅತ್ತೆ, ಈ ಮನೆಗೆ ಬಂದಾಗ ನಂಗೆ ಅದಿಮೂರು ವರ್ಸ. ಅದುಕ್ ಮುಂಚೆ ಒಂದು ರಾತ್ರಿನೂವೆ ನಮ್ಮವ್ವನ್ ಬಿಟ್ಟು ಮಲ್ಗಿರ್ಲಿಲ್ಲ. ನಮ್ಮೂರೇನು ಕಾಸಿನಾ? ನಡ್ಕೊಂಡೋದ್ರೆ ಒತ್ತು ಏರೋದ್ರೊಳ್ಗೆ ಸಿಕ್ತದೆ. ಆದ್ರೂ ಕೊಯ್ಲು ಮುಗಿಯೋಗಂಟ ಅಳ್ತಾನೇ ಇದ್ದೆ. ನೀವು ಬೈಲಿಲ್ಲ, ವಡೀಲಿಲ್ಲ. ನಿಮ್ ಮೇಲೆ ನಾನು ದೂರು ಏಳ್ತಿಲ್ಲ. ಸಾರು ಬೇರೆ, ಚಾಪೆ ಬೇರೆ, ಅಷ್ಟಕ್ಕೇನೆ ಜೀವ ಓದಂಗಾಗ್ತಿತ್ತು. ನನ್ ಮಗ್ಳು ಬೇರೆ ಮನೇಲಿ ಮಲ್ಗೋ ಮೊದಲ್ನೇ ರಾತ್ರಿ ಗಂಡನ್ ಮನೇದೇ ಆಗ್ಬಾರ್ದು. ನಾನ್ ಕೇಳ್ತಿರೋದು ಇಷ್ಟೇಯ."

ಹುಣಸಮಾರನಹಳ್ಳಿ ಅವ್ವನ ತವರು. ನಾವು ಮಕ್ಕಳು ಆಡಿಕೊಂಡು ಹೋಗಿ ಬರುತ್ತಿದ್ದ ದೂರ. ಅಲ್ಲಿಂದ ಇಲ್ಲಿಗೆ ಬಂದು ಅವಳು ಅಷ್ಟು ಅತ್ತಿದ್ದಳು ಅಂತ ನನಗೆ ಗೊತ್ತೇ ಇರಲಿಲ್ಲ. ಅವ್ವ ಅಳುವುದನ್ನು ನಾನು ನೋಡಿದವಳಲ್ಲ, ಅವಳಿಗೆ ಅಳು ಬರುವುದಿಲ್ಲ ಅಂತಲೇ ತಿಳಿದುಕೊಂಡಿದ್ದೆ. ಅಪ್ಪ ತಲೆ ತಗ್ಗಿಸಿ ಉಪ್ಪಿಲ್ಲದ ಸಾರನ್ನೇ ಕಲಸಿಕೊಂಡು ಉಂಡು ಎದ್ದ. ಅಜ್ಜಿ ಬಹಳ ಹೊತ್ತು ತಟ್ಟೆಯಲ್ಲೇ ಬೆರಳಾಡಿಸಿದಳು.

"ನೀನೊಬ್ಳೇ ಅತ್ತಿದ್ದು ಅನ್ಕಂಡಿದ್ದೀಯಾ?" ಅಂದಳು. "ನಾನ್ ಬಂದಾಗ ನಂಗೆ ಒಂಬತ್ತು."

ಅಷ್ಟೇ ಹೇಳಿ ಕೈ ತೊಳೆದು ಜಗಲಿಗೆ ಹೋಗಿ ಕೂತಳು. ಮಾರನೆಯ ದಿನ ಬೆಳಿಗ್ಗೆ ಸೊಪ್ಪು ಬಿಡಿಸುತ್ತಾ ಅಜ್ಜಿ ತಾನೇ ಮಾತು ತೆಗೆದಳು. ಮುಖ ಸೊಪ್ಪಿನ ಕಡೆಗೇ.

"ಮಡ್ಲು ತುಂಬ್ದೆ ಎಣ್ಮಗ ಒಸ್ಲು ದಾಟಿ ರಾತ್ರಿ ಕಳಿಯಂಗಿಲ್ಲ. ಅದು ನನ್ ಮಾತಲ್ಲ, ಇರೀಕರ ಮಾತು."

"ಅಂಗಾದ್ರೆ ತುಂಬ್ಸಿ," ಅಂದಳು ಅವ್ವ.

ಮಡಿಲು ತುಂಬುವುದು ಗಂಡನ ಮನೆಗೆ ಹೊರಟ ಹೆಣ್ಣಿಗೆ. ಅಕ್ಕಿ, ಬೆಲ್ಲ, ಕೊಬ್ಬರಿ ಸೆರಗಿನಲ್ಲಿ ಕಟ್ಟಿ, ಹೋದ ಮನೆಯಲ್ಲಿ ಕೊರತೆಯಾಗದಿರಲಿ ಅಂತ ಹರಸಿ ಕಳಿಸುವುದು. ಕಸರತ್ತು ಕಲಿಯಲು ಹೋಗುವ ಹುಡುಗಿಗೆ ಮಡಿಲು ತುಂಬಿದ್ದನ್ನು ಯಾರೂ ಕೇಳಿಲ್ಲ. ಅಜ್ಜಿ ತಲೆಯೆತ್ತಿ ಸೊಸೆಯನ್ನು ದಿಟ್ಟಿಸಿದಳು. ಬೇಡ ಅನ್ನಲು ದಾರಿ ಹುಡುಕುತ್ತಿದ್ದಳು, ಸಿಗಲಿಲ್ಲ. ಹಿರಿಯರ ಮಾತಿನಲ್ಲಿ ಹೆಣ್ಣು ಯಾವ ಊರಿಗೆ, ಯಾತಕ್ಕೆ ಹೊರಟಿದ್ದಾಳೆ ಅಂತ ಹೇಳಿರಲಿಲ್ಲ. ತುಂಬೋಣ ಬಿಡು ಅಂದಳು.

ಒಮ್ಮೆ ಒಪ್ಪಿದ ಮೇಲೆ ಅಜ್ಜಿ ಅರ್ಧಂಬರ್ಧ ಮಾಡುವವಳಲ್ಲ. ಇಡೀ ಮನೆ ಮದುವೆ ಮನೆಯಾಯಿತು. ಟೀಚರ್ ಹೇಳಿದ್ದು ಒಂದು ತಟ್ಟೆ, ಒಂದು ಚೊಂಬು, ಒಂದು ಹೊದಿಕೆ, ಸ್ವಲ್ಪ ಅಕ್ಕಿ. ಅಜ್ಜಿ ರಾಗಿ ಹುರಿದು ಹುರಿಹಿಟ್ಟು ಬೀಸಿಸಿದಳು, ಹುಚ್ಚೆಳ್ಳು ಚಟ್ನಿಪುಡಿ ಕುಟ್ಟಿಸಿದಳು, ಹರಳೆಣ್ಣೆಯ ಸೀಸೆ, ಓಮ, ಹೊಟ್ಟೆನೋವಿಗೆ ಬಜೆಬೇರು. ಸಂಜೆ ಕೂರಿಸಿಕೊಂಡು ಬುದ್ಧಿ ಹೇಳಿದಳು. ಹೊತ್ತು ಹುಟ್ಟುವ ಮುಂಚೆ ಎಲ್ಲರಿಗಿಂತ ಮೊದಲು ಏಳಬೇಕು, ಅಂಗಳ ಗುಡಿಸಬೇಕು, ದೊಡ್ಡವರು ಉಂಡ ಮೇಲೆ ಉಣ್ಣಬೇಕು, ಎದುರು ಮಾತಾಡಬಾರದು, ತವರಿನ ಸುದ್ದಿ ತೆಗೆಯಬಾರದು. ಅವಳಿಗೆ ಗೊತ್ತಿದ್ದ ಬುದ್ಧಿಮಾತು ಅದೊಂದೇ, ಅದನ್ನೇ ಕೊಟ್ಟಳು. ನಾನು ಎಲ್ಲಕ್ಕೂ ಹೂಂ ಅಂದೆ. ಜುಲೇಖಾಬಿ ಗಂಡನ ಕತ್ತರಿಯಡಿ ಉಳಿದ ತುಂಡುಬಟ್ಟೆಗಳನ್ನು ಜೋಡಿಸಿ ಹೆಗಲಿಗೆ ಹಾಕುವ ಚೀಲ ಹೊಲಿದಳು. ಹತ್ತು ಬಣ್ಣದ ಚೀಲ, ಹೊಲಿಗೆ ಮಾತ್ರ ಎತ್ತು ಕಟ್ಟುವ ಕಣ್ಣಿಯಷ್ಟು ಗಟ್ಟಿ. ಅಪ್ಪ ಮಾರ್ಕೆಟ್ಟಿನಿಂದ ಎರಡು ಕಂಬಳಿ ತಂದು ಗೂಟಕ್ಕೆ ನೇತುಹಾಕಿದ. ಅಣ್ಣನಿಗೆ ಯಾರೂ ಏನೂ ಹೇಳಿಕೊಡಲಿಲ್ಲ. ಅವನು ಹೋಗುವ ದಿನದವರೆಗೂ ಅಜ್ಜಿಯ ಬೆನ್ನಿಗೇ ಮಲಗಿದ, ಅಜ್ಜಿಯ ಕೈಯ ಸಾರನ್ನೇ ಉಂಡ.

ಹೊರಡುವ ದಿನ ಬೆಳಿಗ್ಗೆ ಬೀದಿಯ ಮುತ್ತೈದೆಯರನ್ನು ಕರೆದರು. ಅಜ್ಜಿ ಗಂಡನಿಲ್ಲದವಳು, ತಾನು ಮುಟ್ಟುವ ಹಾಗಿಲ್ಲ, ನಡುಮನೆಯ ಕಂಬಕ್ಕೆ ಒರಗಿ ನಿಂತು ಅಪ್ಪಣೆ ಕೊಡುತ್ತಿದ್ದಳು. ಲಂಗಕ್ಕೆ ಸೆರಗಿಲ್ಲವಲ್ಲ, ಅವ್ವ ತನ್ನ ಹಳೇ ಸೀರೆಯ ತುಂಡನ್ನು ನನ್ನ ಸೊಂಟಕ್ಕೆ ಸುತ್ತಿ ಮಡಿಲು ಮಾಡಿದಳು. ಕರೆದವರಲ್ಲಿ ಒಬ್ಬಳು ಬರಲಿಲ್ಲ, ಐವರ ಲೆಕ್ಕಕ್ಕೆ ಒಬ್ಬಳು ಕಮ್ಮಿಯಾದಳು. ಅಜ್ಜಿ ಹಿತ್ತಿಲ ಗೋಡೆಯ ಕಡೆ ತಿರುಗಿ ಜುಲೇಖಾಬಿಯನ್ನು ಕೂಗಿದಳು. ಒಬ್ಬ ಹೆಂಗಸು ಅವಳನ್ನಾ ಅಂದದ್ದಕ್ಕೆ, ಗಂಡ ಇದ್ದಾನೆ, ಮಡಿಲಲ್ಲಿ ಕೂಸಿದೆ, ಇದಕ್ಕಿಂತ ಇನ್ಯಾವ ಮುತ್ತೈದೆ ಬೇಕು ಅಂತ ಅಜ್ಜಿ ಗದರಿದಳು. ಜುಲೇಖಾಬಿ ಬಂದು ತಲೆಯ ಮೇಲೆ ಸೆರಗು ಎಳೆದುಕೊಂಡು ಒಂದು ಬೊಗಸೆ ಅಕ್ಕಿ ಹಾಕಿದಳು. ಈ ಗಂಟನ್ನು ದಾರಿಯಲ್ಲಿ ನೆಲಕ್ಕೆ ಇಡಕೂಡದು, ಹೋದ ಮನೆಯ ಹಿರಿಯ ಹೆಂಗಸಿನ ಕೈಗೆ ಕೊಡಬೇಕು ಅಂತ ಅಜ್ಜಿ ಮೂರು ಸಲ ಹೇಳಿದಳು.

ಆಗ ಬೆಟ್ಟದ ಕಡೆಗೆ ಹೋಗುತ್ತಿದ್ದದ್ದು ಚಿಕ್ಕ ರೈಲು. ಓಡುತ್ತಾ ಹತ್ತಬಹುದು ಅನ್ನುವಷ್ಟು ನಿಧಾನ. ಮಕ್ಕಳೆಲ್ಲ ಕಿಟಕಿಗೆ ಮುತ್ತಿದ್ದರು. ನಾನು ಮಡಿಲಕ್ಕಿ ಹಿಡಿದುಕೊಂಡು ಬೊಂಬೆಯ ಹಾಗೆ ಕೂತಿದ್ದೆ. ಮದುವೆ ಹೆಣ್ಣು ಅಂತ ಹುಡುಗಿಯರು ಆಡಿಕೊಂಡರು, ಗಂಡೆಲ್ಲೇ ಅಂತ ಒಬ್ಬಳು ಕೇಳಿದಳು. ಅಣ್ಣ, ನಾನು ಅವನ ತಂಗಿಯೇ ಅಲ್ಲ ಅನ್ನುವ ಹಾಗೆ, ಬೇರೆ ಬೆಂಚಿಗೆ ಹೋಗಿ ಕೂತ. ದೇವನಹಳ್ಳಿ ದಾಟಿತು, ಬೆಟ್ಟ ದೊಡ್ಡದಾಗುತ್ತಾ ಬಂತು, ನಾನು ಗಂಟು ಬಿಡಲಿಲ್ಲ. ಛತ್ರದ ಬಾಗಿಲಲ್ಲಿ ಸರೋಜಮ್ಮ ಟೀಚರ್ ಮಕ್ಕಳನ್ನು ಎಣಿಸುತ್ತಿದ್ದರು. ಅಲ್ಲಿ ಹಿರಿಯ ಹೆಂಗಸು ಅಂದರೆ ಅವರೇ. ಹೋಗಿ ಅಜ್ಜಿ ಹೇಳಿದ್ದನ್ನು ಹೇಳಿ ಗಂಟು ಚಾಚಿದೆ. ಹಿಂದೆ ಹುಡುಗಿಯರು ಕಿಸಕ್ಕನೆ ನಕ್ಕರು. ಟೀಚರ್ ನಗಲಿಲ್ಲ. ಕೊಡೆಯನ್ನು ಗೋಡೆಗೆ ಒರಗಿಸಿ, ಸೆರಗನ್ನು ಎರಡು ಕೈಯಲ್ಲೂ ಒಡ್ಡಿ, ಅಕ್ಕಿ ಬೆಲ್ಲ ಕೊಬ್ಬರಿ ಅಷ್ಟನ್ನೂ ಅದರಲ್ಲಿ ತೆಗೆದುಕೊಂಡು, ಕಣ್ಣಿಗೆ ಒತ್ತಿಕೊಂಡು, ಒಳಗೆ ಹೋಗಿ ಎಲ್ಲರ ಅಕ್ಕಿಯ ಜೊತೆ ಸುರಿದರು. ಓದಿದ ಹೆಂಗಸು, ಮೂಢನಂಬಿಕೆ ಅಂತ ಪಾಠ ಮಾಡಬಹುದಿತ್ತು. ಮಾಡಲಿಲ್ಲ. ಆ ಒಂದು ಕಾರಣಕ್ಕೆ ಇವತ್ತಿಗೂ ಅವರ ಮೇಲೆ ನನಗೆ ಗೌರವ.

ಕ್ಯಾಂಪಿನಲ್ಲಿ ಏನು ಕಲಿತೆ ಅಂದರೆ ಹೆಚ್ಚು ನೆನಪಿಲ್ಲ. ಪಟ್ಟಿ ಕಟ್ಟುವುದು ಮರೆತೇಹೋಯಿತು. ಸಾರು ನೀರಾಗಿತ್ತು, ನೆಲ ಗಟ್ಟಿಯಾಗಿತ್ತು, ಪಕ್ಕದವಳು ಒದೆಯುತ್ತಿದ್ದಳು. ನಾನು ಉಂಡೆ, ಮಲಗಿದೆ. ಎಮ್ಮೆಗಿಂತ ಅವಳೇ ವಾಸಿ. ಒಂದು ಸಲ ಮಾತ್ರ, ದನಗಳು ಮನೆಗೆ ತಿರುಗುವ ಹೊತ್ತಿನಲ್ಲಿ, ಛತ್ರದ ಹಿಂದೆ ಯಾರೋ ಸೊಪ್ಪಿನ ಒಗ್ಗರಣೆ ಹಾಕಿದ ವಾಸನೆ ಬಂದು ಅಳು ಬರುವ ಹಾಗಾಯಿತು. ಚೊಂಬು ತೆಗೆದುಕೊಂಡು ಬಾವಿಗೆ ಹೋಗಿ ಮುಖ ತೊಳೆದು ಬಂದೆ, ಹೋಯಿತು. ಅತ್ತವನು ಮುನಿರಾಜು. ಎಲ್ಲಿ ಬಿಸಾಕಿದರೂ ಇರಬೇಕಾದ ಗಂಡು ಹುಡುಗ ಎರಡು ಹೊತ್ತು ಅನ್ನ ಮುಟ್ಟಲಿಲ್ಲ, ರಾತ್ರಿಯೆಲ್ಲ ಗೋಡೆಗೆ ಮುಖ ಹಾಕಿ ಬಿಕ್ಕಿದನಂತೆ. ಟೀಚರ್ ನನ್ನನ್ನು ಕರೆಸಿದರು. ನಾನು ಹೋಗಿ ಅಜ್ಜಿಯ ಚಟ್ನಿಪುಡಿ ಕಲಸಿ ತಿನ್ನಿಸಿದೆ. ತಿನ್ನುತ್ತಾ ತಿನ್ನುತ್ತಾ, ಮನೆಯಲ್ಲಿ ಹೇಳಬೇಡ ಕಣೇ ಅಂತ ಬೇಡಿಕೊಂಡ. ನಾನೂ ಹೇಳುವವಳಿರಲಿಲ್ಲ, ಅವನ ಮುಖವೇ ಹೇಳಿತು.

ವಾಪಸ್ಸು ಬಂದ ದಿನ ಅವ್ವ ಸ್ಟೇಷನ್ನಿಗೆ ಬಂದಿದ್ದಳು. ಬೆಟ್ಟ ಹತ್ತಿದಿರಾ, ಏನು ಕಲಿತಿರಿ ಯಾವುದನ್ನೂ ಕೇಳಲಿಲ್ಲ. ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ, ನಿದ್ದೆ ಬಂತಾ ಅಂದಳು. ಬಂತು ಅಂದೆ. ಸರಿ ಅಂದಳು, ಚೀಲ ತೆಗೆದುಕೊಂಡಳು. ಮನೆಯಲ್ಲಿ ಅಜ್ಜಿ ಮೊಮ್ಮಗನ ಊದಿದ ಕಣ್ಣು, ಇಳಿದ ಕೆನ್ನೆ ನೋಡಿ ಗಾಬರಿಯಾದಳು. ಒಂದೊಂದೇ ಕೇಳಿ ತಿಳಿದುಕೊಂಡಳು. ಅವನನ್ನು ತಬ್ಬಿಕೊಂಡು ಸಂತೈಸುತ್ತಾಳೆ ಅಂತ ನಾವೆಲ್ಲ ಕಾದೆವು. ಅಜ್ಜಿ ಅಡುಗೆಮನೆಯ ಕಡೆ ತಿರುಗಿದಳು.

"ನಾಳಿಂದ ಇವನ್ಗೂ ಉಪ್ಪಿಲ್ದೆ ಇಕ್ಕು," ಅಂದಳು.

ನಾ‌ನು ಶಾಲೆಗೆ ಹೋಗಿದ್ದು ಏಳನೇ ಕ್ಲಾಸಿನವರೆಗೆ. ಆಮೇಲೆ ದೊಡ್ಡವಳಾದೆ, ಬಿಡಿಸಿದರು. ಅವ್ವ ಅದಕ್ಕೂ ಜಗಳವಾಡಿ ಸೋತಳು. ಎಲ್ಲ ಜಗಳವನ್ನೂ ಗೆಲ್ಲಲು ಅವಳು ದೇವತೆಯಲ್ಲ. ಕೆಲವು ವರ್ಷದ ಮೇಲೆ ಯಶವಂತಪುರದ ಕಡೆಗೆ ನನ್ನನ್ನು ಕೊಟ್ಟರು, ಗಂಡನಿಗೆ ರೈಲ್ವೆಯಲ್ಲಿ ಕೆಲಸ. ತುಂಬಿದ ಮನೆ, ಅಪರಿಚಿತ ಮುಖಗಳು, ಅಂಗೈಯಗಲದ ಅಂಗಳ. ಹೋದ ದಿನ ಆ ಮನೆಯ ಹೆಂಗಸರು ನನ್ನ ಸುತ್ತ ಕೂತಿದ್ದರು, ಹೊಸ ಹೆಣ್ಣು ಅಳುವುದನ್ನು ಕಾಯುತ್ತಾ. ಸಮಾಧಾನ ಮಾಡುವುದಕ್ಕೆ ಅಂತಲೇ ಇಬ್ಬರು ಬಂದಿದ್ದರು. ಸಾರಿಗೆ ಹುಳಿ ಹೆಚ್ಚಾಗಿತ್ತು, ಎರಡು ಸಲ ಹಾಕಿಸಿಕೊಂಡೆ. ಚಾಪೆ ಎಲ್ಲಿ ಹಾಕಲಿ ಅಂತ ಕೇಳಿದೆ, ತೋರಿಸಿದರು, ಮಲಗಿದೆ.

ಎರಡು ದಿನ ಬಿಟ್ಟು ಅವ್ವ ಹಣ್ಣು ಹೂವು ತೆಗೆದುಕೊಂಡು ನೋಡಲು ಬಂದಳು. ನಮ್ಮತ್ತೆ ಅವಳಿಗೆ ಕಾಫಿ ಕೊಟ್ಟು ದೂರು ಹೇಳಿದರು.

"ಏನ್ರೀ ಬೀಗಿತ್ತಿ, ಎಂಥಾ ಹುಡುಗೀನ ಹೆತ್ತಿದ್ದೀರಿ? ಕಣ್ಣಲ್ಲಿ ಒಂದು ತೊಟ್ಟು ನೀರಿಲ್ಲ. ಬಂದ ರಾತ್ರೀನೇ ಗೊರಕೆ ಹೊಡೆದ್ಲು, ನಮಗೇ ನಿದ್ದೆ ಬರ್ಲಿಲ್ಲ."

ಅವ್ವ ತಲೆ ತಗ್ಗಿಸಿ ಕೇಳಿಸಿಕೊಂಡಳು. ಬೀಗರ ಮುಂದೆ ಹಾಗೆ ಇರಬೇಕು. ಚಿಕ್ಕ ವಯಸ್ಸು, ತಿದ್ದಿಕೊಳ್ಳಿ ಅಂದಳು. ಹೊರಡುವಾಗ ನಾನು ಬೀದಿಯ ಕೊನೆಯವರೆಗೆ ಜೊತೆಗೆ ಹೋದೆ. ಅಲ್ಲಿ ನಿಂತು ನನ್ನ ಮುಖ ನೋಡಿದಳು.

"ಗೊರ್ಕೆ ನಿಜವಾ?"

"ನಿದ್ದೇಲಿದ್ದೆ, ನಂಗೇನ್ ಗೊತ್ತು," ಅಂದೆ.

ಅವಳ ಬಾಯಿಯ ತುದಿ ಸ್ವಲ್ಪ ಅಲುಗಿತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಸ್ಸಿನ ಕಡೆಗೆ ಬಿರಬಿರನೆ ನಡೆದಳು. ತಿರುಗಿ ನೋಡುತ್ತಾಳೇನೋ ಅಂತ ನಿಂತಿದ್ದೆ. ನೋಡಲಿಲ್ಲ.